ದಾನವ್ವನ ಸೀಟು

ವೀರಬಸಪ್ಪನ ಸಂಸಾರಕ್ಕೆ ತೊಂದರೆ ತಂದದ್ದು ಲಿಫ್ಟ್ ಎಂಬ ಒಂದೇ ಒಂದು ಇಂಗ್ಲಿಷ್ ಮಾತು.

ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಅವನಿಗೊಂದು ಸ್ಕೂಟರು ಬಂದಿತ್ತು. ಆರ್.ಟಿ. ನಗರದ ಆ ಬೀದಿಗೆ ಅದೇ ಮೊದಲನೆಯದು. ಪೂಜೆ ಮುಗಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು, ಹೆಂಡತಿ ದಾನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೇನು ಹತ್ತಬೇಕು, ಅಷ್ಟರಲ್ಲಿ ಮನೆಯ ಓನರಮ್ಮ ಸುಬ್ಬಲಕ್ಷ್ಮಮ್ಮ "ಒಂದು ಲಿಫ್ಟ್ ಕೊಡಪ್ಪಾ" ಎನ್ನುತ್ತ ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. ಆಮೇಲೆ ಆ ಸೀಟು ಖಾಲಿಯಾದದ್ದೇ ಇಲ್ಲ. ಬೀದಿಯವರೆಲ್ಲ ಅದರ ಮೇಲೆ ಕೂತರು, ದಾನವ್ವ ಒಬ್ಬಳನ್ನು ಬಿಟ್ಟು.

"ಲಿಫ್ಟ್ ಅಂದ್ರ ಏನ್ರಿ?" ಎಂದು ಒಂದು ದಿನ ಕೇಳಿದಳು.

"ನಾವು ಹೋಗೂ ದಾರ್ಯಾಗ ಯಾರರೆ ಹೊಂಟಿದ್ರ, ಅವರನ್ನ ಕೂಡಿಸ್ಕೊಂಡು ಹೋಗೂದು."

"ಅಂದ್ರ ನಿಮಗೂ ಒಂದು ದಾರಿ ಅಂತ ಐತಿ! ನಾ ಒಂದಿನಾನೂ ನೋಡ್ಲಿಲ್ಲಲ್ಲ" ಎಂದವಳು ಮರುದಿನವೇ ಟ್ರಂಕು ತುಂಬಿಕೊಂಡು ಗದಗಿನ ತವರಿಗೆ ಹೊರಟುಹೋದಳು.

ಅವಳ ಮಾತಿನಲ್ಲಿ ಹುರುಳಿತ್ತು. ಹೊರಟವರನ್ನು "ಎಲ್ಲಿಗೆ?" ಎಂದು ಕೇಳಬಾರದಲ್ಲ, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹಾಗಾಗಿ ಲಿಫ್ಟ್ ಕೇಳುವವರು ಮರ್ಯಾದೆಯಿಂದ "ದೂರಾನಾ?" ಎಂದಷ್ಟೇ ಕೇಳಿ ಹತ್ತಿ ಕೂರುತ್ತಿದ್ದರು. ತಾವು ಎಲ್ಲಿಗೆ ಹೋಗಬೇಕೆಂದು ಹೇಳುತ್ತಿದ್ದುದು ಗಾಡಿ ಹೊರಟ ಮೇಲೆ. ಕೂತವರನ್ನು ಇಳಿಸುವ ಗಂಡಸುತನ ವೀರಬಸಪ್ಪನಿಗೆ ಇರಲಿಲ್ಲ.

ಹೆಂಡತಿಯಿಲ್ಲದ ಮನೆ ಅವನಿಗೆ ಕಾಲಿಟ್ಟಲ್ಲೆಲ್ಲ ಚುಚ್ಚುತ್ತಿತ್ತು. ಕೊನೆಗೆ ಅವಳೇ ತವರಿನಿಂದ ಹೇಳಿ ಕಳಿಸಿದಳು: ಭಾನುವಾರ ಬೆಳಿಗ್ಗೆ ಯಶವಂತಪುರದಲ್ಲಿ ಇಳಿಯುತ್ತೇನೆ. ಸ್ಕೂಟರು ತಂದು ಎದುರಿಗೆ ನಿಂತಿದ್ದರೆ ಸರಿ. ಇಲ್ಲದಿದ್ದರೆ ಸೀದಾ ಹೆಸರಘಟ್ಟಕ್ಕೆ, ಅಕ್ಕ ಈರವ್ವನ ಮನೆಗೆ. ಅಲ್ಲಿಂದ ವಾಪಸು ಕರೆಯಲು ಬರಬೇಡಿ.

ಭಾನುವಾರ ವೀರಬಸಪ್ಪ ಹಿಂದಿನ ಸೀಟಿಗೆ ಎಣ್ಣೆ ಸವರಿ ಒರೆಸಿ, ಬೀದಿ ಏಳುವ ಮುಂಚೆ ಕಳ್ಳನ ಹಾಗೆ ಗಾಡಿಯನ್ನು ತಳ್ಳಿಕೊಂಡು ಹೊರಟ. ಗೇಟಿನ ಹೊರಗೆ ಸುಬ್ಬಲಕ್ಷ್ಮಮ್ಮ ರಂಗೋಲಿ ಮುಗಿಸಿ ಕೈ ತೊಳೆಯುತ್ತಿದ್ದರು.

"ದೂರಾನಾ ವೀರಬಸಪ್ಪಾ? ತಡಿ, ಬಂದೆ" ಎಂದು ಚೀಲ ಹಿಡಿದು ಹತ್ತಿಯೇಬಿಟ್ಟರು. ಗಾಡಿ ಹೊರಟ ಮೇಲೆ, "ಹೆಬ್ಬಾಳಕ್ಕೆ ಬಿಟ್ಬಿಡಪ್ಪಾ, ನಮ್ಮ ತಂಗಿ ಮನೆಗೆ" ಎಂದರು.

ಯಶವಂತಪುರ ಒಂದು ದಿಕ್ಕು, ಹೆಬ್ಬಾಳ ಇನ್ನೊಂದು. ಬಾಡಿಗೆ ಮನೆಯವನು ಓನರಮ್ಮನಿಗೆ ದಿಕ್ಕು ಕಲಿಸಲಾದೀತೆ? ಹೆಬ್ಬಾಳದಲ್ಲಿ ಅವರನ್ನು ಇಳಿಸಿ ಗಾಡಿ ತಿರುಗಿಸುವಷ್ಟರಲ್ಲಿ, ದ್ರಾಕ್ಷಿ ತೋಟದ ಮುನಿಕೃಷ್ಣಪ್ಪ ಎರಡು ನಾಟಿಕೋಳಿಗಳನ್ನು ತಲೆಕೆಳಗಾಗಿ ಹಿಡಿದು ಅಡ್ಡ ನಿಂತಿದ್ದ.

"ದೂರಾನಾ ಸಾಮಿ?"

"ದೂರಾನೇ... ಸ್ವಲ್ಪ ಅರ್ಜೆಂಟು..."

"ಅಂಗಾರೆ ಬೇಗ ಓಗುಮಾ ನಡೀರಿ" ಎಂದು ಮುನಿಕೃಷ್ಣಪ್ಪ ಕೋಳಿಗಳ ಸಮೇತ ಕೂತ. "ಇದ್ಯಾರಣ್ಯಪುರದಾಗೆ ಮಗಳ ಮನೆ ಐತೆ. ಒಸ ಲೇಔಟು. ಅಲ್ಲಿ ಬುಟ್ರೆ ಆಯ್ತು."

ಹಣೆತುಂಬ ವಿಭೂತಿ ಬಳಿದುಕೊಂಡಿದ್ದ ವೀರಬಸಪ್ಪನ ಬೆನ್ನನ್ನು ವಿದ್ಯಾರಣ್ಯಪುರದವರೆಗೂ ಕೋಳಿಗಳು ಕುಕ್ಕುತ್ತಲೇ ಇದ್ದವು. ಅಷ್ಟು ಹೊತ್ತಿಗೆ ರೈಲು ತುಮಕೂರನ್ನು ದಾಟಿರಬೇಕು ಎಂದು ನೆನೆದು ಅವನು ಗಾಡಿಯನ್ನು ಇನ್ನಷ್ಟು ಜೋರಾಗಿ ಓಡಿಸಿದ. ಮಗಳ ಮನೆಯ ಮುಂದೆ ಮುನಿಕೃಷ್ಣಪ್ಪ ಇಳಿದು "ಕಾಪಿ ಕುಡ್ಕೊಂಡು ಓಗಿ" ಎಂದು ಹ್ಯಾಂಡಲ್ ಹಿಡಿದ. ಬಿಡಿಸಿಕೊಳ್ಳುವುದೇ ಒಂದು ಕುಸ್ತಿಯಾಯಿತು. ಆ ಗಲಾಟೆಗೆ ಎದುರುಮನೆಯಿಂದ ಅವನದೇ ಕಾರ್ಖಾನೆಯ ಟೈಮ್ ಕೀಪರ್ ಆನಂದಪ್ಪ ಹೊರಬಂದ.

"ಏನ್ ಗುರು, ದೂರಾನಾ? ಮತ್ತಿಕೆರೆಗೆ ಒಂದು ಲಿಫ್ಟ್."

ಮತ್ತಿಕೆರೆ ಯಶವಂತಪುರದ ದಾರಿಯೇ. ಜೀವನದಲ್ಲಿ ಮೊದಲ ಸಲ ಲಿಫ್ಟ್ ಎಂಬ ಮಾತಿಗೆ ತಾನು ಹೇಳಿದ ಅರ್ಥ ಸರಿಹೊಂದಿತೆಂದು ವೀರಬಸಪ್ಪನಿಗೆ ಖುಷಿಯಾಯಿತು. ಆ ಖುಷಿ ಮತ್ತಿಕೆರೆಯವರೆಗೂ ಬಂತು. ಅಲ್ಲಿ ಸ್ಕೂಟರು ಎರಡು ಸಲ ಕೆಮ್ಮಿ ನಿಂತುಹೋಯಿತು. ಊರು ಸುತ್ತಿದ್ದಕ್ಕೆ ಪೆಟ್ರೋಲು ಮುಗಿದಿತ್ತು.

"ಟೆನ್ಷನ್ ಮಾಡ್ಕೋಬೇಡಿ ಗುರು" ಎಂದ, ಹೆಂಡತಿ ಬರುವ ವಿಷಯವನ್ನು ದಾರಿಯಲ್ಲೇ ಕೇಳಿ ತಿಳಿದಿದ್ದ ಆನಂದಪ್ಪ. "ಕೀ ಕೊಡಿ. ಪೆಟ್ರೋಲ್ ಹಾಕಿಸ್ಕೊಂಡು ನಾನೇ ಸ್ಟೇಷನ್ನಿಗೆ ತರ್ತೀನಿ. ನೀವು ಯಾವ್ದಾದ್ರೂ ಗಾಡಿ ಹಿಡ್ಕೊಂಡು ಓಡಿ."

ದೂರದಲ್ಲಿ ರೈಲಿನ ಸಿಳ್ಳೆ ಕೇಳಿತು. ಖಾಲಿ ಹಾಲಿನ ಕ್ಯಾನುಗಳನ್ನು ತುಂಬಿಕೊಂಡ ಟೆಂಪೋ ಒಂದು ಬಂತು. ವೀರಬಸಪ್ಪ ಕೈ ಅಡ್ಡ ಹಾಕಿದ. ಜನ್ಮದಲ್ಲಿ ಅವನು ಲಿಫ್ಟ್ ಕೇಳಿದ್ದು ಅದೇ ಮೊದಲು. ಡ್ರೈವರ್ ಪಿಳ್ಳಪ್ಪನನ್ನು ಎಲ್ಲಿಗೆ ಎಂದು ಕೇಳಲು ಬಾಯಿ ಬರಲಿಲ್ಲ.

"ದೂರಾನಾ?" ಎಂದ.

"ಊಂ, ಇಂದೆ ಅತ್ತಿ" ಎಂದ ಪಿಳ್ಳಪ್ಪ. ವೀರಬಸಪ್ಪ ಹಿಂದೆ ಹತ್ತಿ ಕ್ಯಾನುಗಳ ನಡುವೆ ಕೂತ.

ಸ್ಟೇಷನ್ ಹತ್ತಿರ ಬರುತ್ತಿದ್ದಂತೆ ವೀರಬಸಪ್ಪ ಕ್ಯಾಬಿನ್ನನ್ನು ಗುದ್ದಿ "ನಿಲ್ಸು, ನಿಲ್ಸು" ಎಂದು ಕೂಗಿದ. ಕ್ಯಾನುಗಳ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಆದರೂ ಸ್ಟೇಷನ್ನಿನ ಸ್ವಲ್ಪ ಮುಂದೆ ಟೆಂಪೋ ತಾನಾಗಿಯೇ ನಿಂತಿತು. ಬಸವಣ್ಣ ಕಣ್ಣು ಬಿಟ್ಟ ಎಂದು ಇವನು ಕೆಳಗೆ ಹಾರಬೇಕು, ಆಗ ಮುಂದುಗಡೆ ಒಂದು ಹೆಂಗಸಿನ ದನಿ ಕೇಳಿತು.

"ಹೆಸರಘಟ್ಟಕ್ಕೇನಪಾ?"

"ಊಂ ತಾಯಿ, ಅತ್ತಿ."

ಮೊದಲು ಒಂದು ಟ್ರಂಕು ಮೇಲೆ ಬಂತು, ಅದರ ಹಿಂದೆ ದಾನವ್ವ. ಟೆಂಪೋ ಹೊರಟಿತು. ಕ್ಯಾನುಗಳ ನಡುವೆ ಕೂತಿದ್ದ ಗಂಡನನ್ನು ಕಂಡು ಅವಳು ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತಳು. ಆಮೇಲೆ ಅವಳ ಕಣ್ಣು ತುಂಬಿತು.

"ನಾ ಅಕ್ಕನ ಮನಿಗೇ ಹೋಗ್ತೀನಂತ ತಿಳದು, ಮೊದಲ ಬಂದು ಈ ಗಾಡ್ಯಾಗ ಕುಂತೀರೇನ್ರಿ? ನನ್ನ ಮ್ಯಾಲ ಇಷ್ಟು ಜೀವ ಐತೇನು ನಿಮಗ?"

ಜೀವ ಇದ್ದದ್ದು ನಿಜ, ಉಳಿದದ್ದು ಸುಳ್ಳು. ನಿಜದ ಧೈರ್ಯದ ಮೇಲೆ ವೀರಬಸಪ್ಪ ಎರಡಕ್ಕೂ ಸೇರಿಸಿ ತಲೆಯಾಡಿಸಿದ.

"ಮತ್ತ ಸ್ಕೂಟರು?"

"ಅದು... ಮನ್ಯಾಗೈತಿ. ನೀ ಕೂಡ್ರೂತನಕಾ ಯಾರನ್ನೂ ಕೂಡ್ಸೂದಿಲ್ಲಂತ ಬೀಗ ಹಾಕಿ ಬಂದೀನಿ."

ದಾನವ್ವ ಟ್ರಂಕಿನ ಮೇಲೆ ಅವನಿಗೆ ಒತ್ತಿ ಕೂತಳು. ವೀರಬಸಪ್ಪನಿಗೆ ಮದುವೆಯಾದ ಹೊಸತರ ದಿನಗಳು ನೆನಪಾದವು. ಅಷ್ಟರಲ್ಲಿ ಅವಳು ತಟ್ಟನೆ ಹಿಂದಕ್ಕೆ ಬೆರಳು ತೋರಿಸಿದಳು.

ಅವಳು ಈಗಷ್ಟೇ ನಿಂತಿದ್ದ ಜಾಗಕ್ಕೆ ಒಂದು ಸ್ಕೂಟರು ಬಂದಿತ್ತು. ಆನಂದಪ್ಪ ಹೇಳಿದ ಮಾತಿಗೆ ತಪ್ಪಿರಲಿಲ್ಲ. ಅಲ್ಲಿ ನಿಂತಿದ್ದ ದಪ್ಪನೆಯ ಹೆಂಗಸೊಬ್ಬಳು ನಂಬರ್ ಪ್ಲೇಟನ್ನು ಬಗ್ಗಿ ಓದಿ, ಗಂಟಿನ ಸಮೇತ ಹಿಂದಿನ ಸೀಟಿನಲ್ಲಿ ಕೂತಳು. ಇವಳೇ ವೀರಬಸಪ್ಪನ ಹೆಂಡತಿ ಎಂದುಕೊಂಡನೋ ಏನೋ ಆನಂದಪ್ಪ, ಸ್ಕೂಟರು ಹೊಗೆ ಬಿಡುತ್ತ ಬಂದ ದಾರಿಗೇ ತಿರುಗಿತು.

"ಅಯ್ಯ, ಚನ್ನಕ್ಕ!" ಎಂದಳು ದಾನವ್ವ. "ಟ್ರೇನಿನ್ಯಾಗ ಗುರುತಾದಾಕಿ. ನಮ್ಮ ಸ್ಕೂಟರಿನ ನಂಬರ್ ಹೇಳಿ ಜಂಬಾ ಕೊಚ್ಚಿಕೊಂಡಿದ್ದೆ. ನೀವು ಕಾಣ್ಲಿಲ್ಲಲ್ಲ, ಸಿಟ್ಟಿಗೆ, ಗಾಡಿ ಬಂದ್ರ ನೀವ ಹತ್ತಿ ಹೋಗ್ರಿ, ನನಗ ಬ್ಯಾಡಂತ ಹೇಳಿ ಬಂದೆ."

"ಹಂಗಾದ್ರ ಈ ಲಿಫ್ಟ್ ಕೊಟ್ಟಾಕಿ ನೀನ!" ಎಂದು ವೀರಬಸಪ್ಪ ಉಬ್ಬಿಹೋದ. ಬೀಗದ ಮಾತು ಅವನಿಗೆ ಮರೆತೇಹೋಗಿತ್ತು.

ದಾನವ್ವನಿಗೆ ಮರೆತಿರಲಿಲ್ಲ. ಟ್ರಂಕನ್ನು ಎಳೆದುಕೊಂಡು ಕ್ಯಾನುಗಳ ಆಚೆ ಬದಿಗೆ ಹೋಗಿ ಕೂತಳು.

"ಬೀಗ ಹಾಕಿ ಬಂದೀರಿ, ಹೌದಿಲ್ರಿ? ನಾ ಹೇಳಿದ್ದು ಹೇಳಿದ್ದ. ಅಕ್ಕನ ಮನ್ಯಾಗ ಇಳೀತೀನಿ."

"ಮತ್ತ ನಾನು?"

"ಹೆಸರಘಟ್ಟದಾಗ ರಸ್ತಾಕ್ಕ ನಿಂದರ್ರಿ" ಎಂದಳು ದಾನವ್ವ. "ನಿಮ್ಮ ದಾರ್ಯಾಗ ಯಾರರೆ ಹೊಂಟಿದ್ರ, ಕೂಡಿಸ್ಕೊಂಡು ಹೋಗ್ತಾರ."