ಒಂದು ಕೈಯಲ್ಲಿ ಸಟ್ಟುಗ, ಒಂದು ಕೈಯಲ್ಲಿ ಕಾದಂಬರಿ

"ದೇವರು ಮನುಷ್ಯನಿಗೆ ಎರಡು ಕೈ ಯಾಕೆ ಕೊಟ್ಟಿದ್ದಾನೆ ಗೊತ್ತಾ?" ಎಂದು ವುಕಾಶಿನ್ ಅಂಗಳದ ಒಲೆಯ ಮುಂದೆ ನಿಂತು ಘೋಷಿಸಿದ. "ಒಂದು ಸಟ್ಟುಗಕ್ಕೆ, ಇನ್ನೊಂದು ಪುಸ್ತಕಕ್ಕೆ!"

"ನಿನಗೆ ಎರಡನ್ನೂ ಬೀಸ್ಕೊಂಡು ಓಡಾಡೋಕೆ ಕೊಟ್ಟಿರೋದು" ಎಂದಳು ಹೆಂಡತಿ ಸ್ಲಾವೆಂಕಾ.

ಲೆಸ್ಕೊವಾತ್ಸ್ ಊರಿನಲ್ಲಿ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಯಾವ ಬೀದಿಗೆ ಹೋದರೂ ಸುಟ್ಟ ಮೆಣಸಿನಕಾಯಿಯ ಘಮ. ಮನೆಮನೆಯಲ್ಲೂ ಚಳಿಗಾಲಕ್ಕೆಂದು ಆಯ್ವಾರ್ ಎಂಬ ಗೊಜ್ಜು ಕಾಯಿಸುತ್ತಾರೆ. ದಪ್ಪ ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ಅರೆದು, ಎಣ್ಣೆ ಹಾಕಿ ಕಡಾಯಿಯಲ್ಲಿ ಮಗುಚುತ್ತಲೇ ಇರಬೇಕು. ಸಟ್ಟುಗ ಎಳೆದರೆ ತಳ ಕಾಣುವಷ್ಟು ಗಟ್ಟಿಯಾಗುವವರೆಗೆ ಕೈ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ತಳ ಹಿಡಿಯಿತು, ಚಳಿಗಾಲ ಪೂರ್ತಿ ಬರೀ ಬ್ರೆಡ್ಡು!

ಆದರೆ ವುಕಾಶಿನನಿಗೆ ಅದಕ್ಕಿಂತ ದೊಡ್ಡ ಆಪತ್ತೊಂದಿತ್ತು. ಗ್ರಂಥಾಲಯದ ಓದುಗರ ಕೂಟದಲ್ಲಿ ಆ ವರ್ಷ ಎಲ್ಲರೂ ಓದುತ್ತಿದ್ದದ್ದು 'ಉಪ್ಪಿನ ಗಾಡಿಗಳು' ಎಂಬ ಇಟ್ಟಿಗೆ ಗಾತ್ರದ ಹಳೆಯ ಕಾದಂಬರಿ. ಊರಿಗೆಲ್ಲ ಇದ್ದದ್ದು ಒಂದೇ ಪ್ರತಿ. ಅದು ಕೈಯಿಂದ ಕೈಗೆ ದಾಟಿ ಕಟ್ಟಕಡೆಗೆ ವುಕಾಶಿನನ ಕೈ ಸೇರಿತ್ತು. ಓದಿ ಮುಗಿಸದವರು ಬಾಯಿ ಬಿಡಕೂಡದು ಎಂಬುದು ಕೂಟದ ಕಟ್ಟಪ್ಪಣೆ. ಬೇಸಿಗೆಯಿಡೀ ಅವನು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ವುಕಾಶಿನ್ ಊಟ ಬಿಟ್ಟಾನು, ಅಭಿಪ್ರಾಯ ಬಿಡುವ ಕುಳವಲ್ಲ!

ಅವನ ಬಾಯಿಗೆ ಬೀಗ ಬಿದ್ದಿದ್ದಾಗ ಉಳಿದವರು ಮಾತ್ರ ಹೊಳೆ ಹರಿಸುತ್ತಿದ್ದರು. ಪಕ್ಕದ ಮನೆಯ ತಿಹೊಮಿರ್, "ಕೊನೆ ಶುದ್ಧ ಬೋಗಸ್" ಎನ್ನುತ್ತಿದ್ದ. ಕೂಟದ ಯಜಮಾನಿ, ನಿವೃತ್ತ ಅಧ್ಯಾಪಕಿ ದರಿಂಕಾ, "ಆ ಕೊನೆ ಓದಿ ಕರ್ಚೀಫ್ ಹಿಂಡಿ ಒಣಗಿಸಿದೆ" ಎನ್ನುತ್ತಿದ್ದರು. ಬರುವ ಗುರುವಾರ ಕೊನೆಯ ಚರ್ಚೆ. ಅಷ್ಟರಲ್ಲಿ ಓದಿ ಮುಗಿಸಿ ಇಬ್ಬರ ಬಾಯಿಯನ್ನೂ ಮುಚ್ಚಿಸುತ್ತೇನೆಂದು ವುಕಾಶಿನ್ ಪಣ ತೊಟ್ಟಿದ್ದ.

"ಅದೇನು ಕಥೆ ಅಂತ ಇಷ್ಟು ಹಾರಾಡ್ತೀಯ?" ಎಂದು ಸ್ಲಾವೆಂಕಾ ಕೇಳಿದಳು. ಅವಳು ಓದುವುದು ಪತ್ತೇದಾರಿ ಕಥೆ ಮಾತ್ರ. ಹತ್ತನೆಯ ಪುಟದೊಳಗೆ ಹೆಣ ಬೀಳದ ಪುಸ್ತಕ ಪುಸ್ತಕವೇ ಅಲ್ಲ ಎಂಬುದು ಅವಳ ಸಿದ್ಧಾಂತ.

"ಒಬ್ರೆನ್ ಅಂತ ಒಬ್ಬ. ಮನೇಲಿ ಉಪ್ಪು ಮುಗಿದಿದೆ ಅಂತ ತರೋಕೆ ಹೋಗ್ತಾನೆ. ಯುದ್ಧ, ವ್ಯಾಪಾರ, ಪ್ರೇಮ ಎಲ್ಲಾ ಆಗುತ್ತೆ. ನಲವತ್ತು ವರ್ಷ ವಾಪಸ್ಸೇ ಬರಲ್ಲ!"

"ನಿನ್ನ ಅಣ್ಣನೇ ಇರಬೇಕು. ಎಲೆಕೋಸು ಹುಳಿ ಹಾಕೋಕೆ ಕಲ್ಲುಪ್ಪು ತಾ ಅಂದು ಒಂದು ವಾರ ಆಯ್ತು."

"ನಾಳೆ ತರ್ತೀನಿ ಮಾರಾಯ್ತಿ!"

"ತಂದ ಹಾಗೇ ಇದೆ. ನಾನು ಬಾಟಲಿ ತೊಳೆದು ತರ್ತೀನಿ. ಕೈ ನಿಲ್ಲಿಸಿದ್ಯೋ, ನಿನ್ನನ್ನೇ ಕಡಾಯಿಗೆ ಹಾಕಿ ಮಗುಚ್ತೀನಿ" ಎಂದು ಹೇಳಿ ಅವಳು ಒಳಗೆ ಹೋದಳು.

ವುಕಾಶಿನ್ ಬಲಗೈಯಲ್ಲಿ ಮಗುಚುತ್ತ, ಎಡಗೈಯಲ್ಲಿ ಪುಸ್ತಕ ಹಿಡಿದು ಓದುತ್ತ, ಸಾಕ್ಷಾತ್ ಚಕ್ರವರ್ತಿಯಂತೆ ನಿಂತ. ಒಬ್ರೆನ್ ಮುದುಕನಾಗಿ ತನ್ನ ಊರಿನ ಬೆಟ್ಟವಿಳಿಯುತ್ತಿದ್ದ. ಮುಂದೇನು? ಪುಟ ತಿರುಗಿಸಲು ಹೋದರೆ ತಿರುಗಲಿಲ್ಲ! ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಹಳೆಯ ಕಾಲದ ಮುದ್ರಣ ಅದು. ಆಗೆಲ್ಲ ಹಾಳೆಯ ಮಡಿಕೆಯನ್ನು ಹಾಗೇ ಬಿಟ್ಟು ಪುಸ್ತಕ ಮಾರುತ್ತಿದ್ದರು, ಓದುವವನೇ ಚಾಕುವಿನಿಂದ ಸೀಳಿಕೊಳ್ಳಬೇಕಿತ್ತು. ಇಲ್ಲಿಯವರೆಗಿನ ಪುಟಗಳನ್ನು ಯಾರೋ ಪುಣ್ಯಾತ್ಮರು ಸೀಳಿದ್ದರು. ಕೊನೆಯ ಅಧ್ಯಾಯಕ್ಕೆ ಮಾತ್ರ ಚಾಕು ತಾಗಿರಲಿಲ್ಲ.

ಅಂದರೆ? ಊರಿನಲ್ಲಿ ಒಬ್ಬರೇ ಒಬ್ಬರೂ ಈ ಕಾದಂಬರಿಯ ಕೊನೆಯನ್ನು ಓದಿಲ್ಲ! ದರಿಂಕಾ ಟೀಚರ್ ಹಿಂಡಿದ ಕರ್ಚೀಫು ಯಾವ ಕಣ್ಣೀರಿನದು? ತಿಹೊಮಿರನ ಬೋಗಸ್ ಯಾವ ಪುಟದ್ದು?

ಕಥೆಯ ಕೊನೆ ತಿಳಿಯಬೇಕೆಂಬ ಆಸೆ ವುಕಾಶಿನನ ತಲೆಯಿಂದ ಆ ಕ್ಷಣವೇ ಹಾರಿಹೋಯಿತು. ಗೆಲ್ಲುವ ಆಸೆ ಬಂದು ಆ ಜಾಗದಲ್ಲಿ ಕಾಲು ಚಾಚಿ ಕೂತಿತು. ಸೀಳಬಾರದು! ಸೀಳಿದರೆ ಸಾಕ್ಷಿ ನಾಶ! ಗುರುವಾರ ಕೂಟದ ನಡುವೆ ನಿಂತು ಪುಸ್ತಕ ಎತ್ತಿ ತೋರಿಸಬೇಕು. ಅದಕ್ಕೆ ಮೊದಲು ತಿಹೊಮಿರನ ಬಾಯಿಂದ ಇನ್ನೊಂದಷ್ಟು ಸುಳ್ಳು ಹೊರಡಿಸಬೇಕು. ಸಟ್ಟುಗ ಬಿಟ್ಟು ಬೇಲಿಯ ಬಳಿಗೆ ಓಡಿದ.

"ಏನಪ್ಪಾ ತಿಹೊಮಿರ್, ಆ ಕೊನೆ ಅಧ್ಯಾಯ ಇದ್ಯಲ್ಲ, ನನ್ನ ತಲೆಗೆ ಸರಿಯಾಗಿ ಹತ್ತಲಿಲ್ಲ ನೋಡು."

ತಿಹೊಮಿರ್ ಹಿಗ್ಗಿ ಹೀರೇಕಾಯಿಯಾದ. "ಹತ್ತಲ್ಲ, ಹತ್ತಲ್ಲ! ಎಲ್ಲರಿಗೂ ಹತ್ತೋವಂಥದ್ದಲ್ಲ ಅದು. ಅಲ್ಲಿ ಕಾದಂಬರಿಕಾರ ಎಡವಿದ್ದಾನೆ."

"ಹೌದಾ! ಎಲ್ಲಿ ಎಡವಿದ?"

"ಭಾಷೇಲಿ! ಒಂದು ಉದ್ದದ ಸೂರ್ಯಾಸ್ತ ಬರುತ್ತೆ ನೋಡು, ಅದು ಬೇಕಿತ್ತಾ?"

"ಆಹಾ, ಸೂರ್ಯಾಸ್ತ! ಇನ್ನೂ ಹೇಳು, ಇನ್ನೂ ಹೇಳು!"

ತಿಹೊಮಿರ್ ಹೇಳಿದ. ವುಕಾಶಿನ್ ತಲೆದೂಗಿದ. ಅಷ್ಟರಲ್ಲಿ ತಿಹೊಮಿರ್ ಮೂಗು ಅರಳಿಸಿ, "ಅದೇನೋ ಸೀದ ವಾಸನೆ?" ಎಂದ.

ಕಡಾಯಿ ಹೊಗೆಯಾಡುತ್ತಿತ್ತು! ತಳ ಹಿಡಿದಾಗ ಮೇಲಿನದನ್ನಷ್ಟೇ ಮೆಲ್ಲನೆ ತೆಗೆದು ಬೇರೆ ಪಾತ್ರೆಗೆ ಹಾಕಬೇಕೆಂದು ಆ ಊರಿನ ಹಾಲುಹಲ್ಲಿನ ಕೂಸಿಗೂ ಗೊತ್ತು. ವುಕಾಶಿನ್ ಬಿದ್ದಂಬೀಳ ಓಡಿ ತಳವನ್ನೇ ಗರಗರ ಕೆರೆದ. ಕೆಂಪು ಗೊಜ್ಜಿನ ತುಂಬ ಕರಿ ಚಕ್ಕೆಗಳು ತೇಲಿದವು. ಗಾಬರಿಯಲ್ಲಿ ತೋಟದ ಪೈಪು ಎಳೆದು ನೀರು ಬಿಟ್ಟ. ಒಲೆ ಭುಸ್ಸೆಂದಿತು. ಕಡಾಯಿ ಉಕ್ಕಿ, ಬಕೆಟ್‌ಗಟ್ಟಲೆ ಆಯ್ವಾರ್ ಅಂಗಳದಲ್ಲಿ ಹೊಳೆಯಾಗಿ ಹರಿದು ತಿಹೊಮಿರನ ಬೇಲಿಯನ್ನೂ ದಾಟಿತು.

ಸ್ಲಾವೆಂಕಾ ತೊಳೆದ ಬಾಟಲಿಗಳ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಸ್ಲಾವೆಂಕಾ, ಯಾರೂ ಓದಿಲ್ಲ! ಒಬ್ಬರೂ ಕೊನೆ ಓದಿಲ್ಲ!" ಎಂದು ಅವನು ಆ ಹೊಗೆಯ ನಡುವೆ ಕುಣಿದ.

"ಪುಸ್ತಕ ಕೊಡಿಲ್ಲಿ."

"ಅದು ಸಾಕ್ಷಿ..."

"ಕೊಡು. ಹೊಸ ಮೆಣಸಿನಕಾಯಿ ತಂದು, ಸುಟ್ಟು, ಸುಲಿದು, ಅರೆದು ಕೊಡೋವರೆಗೂ ಇದು ನನ್ನ ಹತ್ರ. ಮಗುಚೋ ಕೆಲಸ ನಂದು. ನೀನು ಒಲೆ ಹತ್ರ ಸುಳಿದ್ರೆ ಕಾಲು ಮುರೀತೀನಿ."

ವುಕಾಶಿನ್ ತಗ್ಗಲಿಲ್ಲ. ತಂದ, ಸುಟ್ಟ, ಸುಲಿದ. ಬೆರಳಿಗೆಲ್ಲ ಬೊಬ್ಬೆ ಬಂದರೂ ಮನಸ್ಸಿನಲ್ಲಿ ಗುರುವಾರದ ಭಾಷಣ ಮೊಳಗುತ್ತಿತ್ತು. ಸಾಕ್ಷಿ ಹೆಂಡತಿಯ ಬಳಿ ಭದ್ರವಾಗಿದೆಯಲ್ಲ, ಇನ್ನೇನು ಬೇಕು!

ಗುರುವಾರ ಕೂಟ ತುಂಬಿತ್ತು. ಸ್ಲಾವೆಂಕಾ ಹೊಸ ಆಯ್ವಾರ್ ಮತ್ತು ಬ್ರೆಡ್ಡು ತಂದು ಹಿಂದಿನ ಮೇಜಿನ ಮೇಲಿಟ್ಟು, ಪುಸ್ತಕವನ್ನು ಗಂಡನ ಕೈಗೆ ಕೊಟ್ಟಳು. ಅವನು ಎದ್ದು ಗಂಟಲು ಸರಿಮಾಡಿಕೊಂಡ.

"ಮಹನೀಯರೇ! ಈ ಕೂಟದಲ್ಲಿ ಬೇಸಿಗೆಯಿಡೀ ಹರಿದದ್ದು ಬರೀ ಸುಳ್ಳಿನ ಹೊಳೆ! ಇದರ ಕೊನೆ ಅಧ್ಯಾಯವನ್ನ ನಿಮ್ಮಲ್ಲಿ ಯಾರೂ ಓದಿಲ್ಲ. ಹಾಳೆಗಳನ್ನ ಸೀಳೇ ಇಲ್ಲ! ನೋಡಿ!"

ಪುಸ್ತಕ ಎತ್ತಿ ಬಿಚ್ಚಿದ. ಕೊನೆಯ ಹಾಳೆಗಳು ಒಂದೊಂದಾಗಿ, ನೀಟಾಗಿ, ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು!

ಬೆಳ್ಳಗಾಗಿದ್ದ ತಿಹೊಮಿರನ ಮುಖಕ್ಕೆ ಬಣ್ಣ ಬಂತು. "ಹಾಳೆ ಸೀಳಿಯೇ ಇದೆಯಲ್ಲಯ್ಯಾ! ನಾನೇ ಕೈಯಾರೆ ಸೀಳಿದ್ದು!"

"ಆಮೇಲೇ ನಾನು ಓದಿದ್ದು" ಎಂದರು ದರಿಂಕಾ, ಕರ್ಚೀಫಿಗೆ ಕೈ ಹಾಕುತ್ತ.

"ನಮ್ಮನೆ ಮೆಣಸಿನಕಾಯಿ ಚಾಕೂಲಾ, ತಿಹೊಮಿರ್?" ಎಂದು ಹಿಂದಿನಿಂದ ಸ್ಲಾವೆಂಕಾಳ ದನಿ ಬಂತು. "ಮೂಸಿ ನೋಡಿ ಟೀಚರ್. ನಿನ್ನೆ ನಾನು ಸೀಳಿದ್ದು, ಮಗುಚ್ತಾ ಮಗುಚ್ತಾ."

ಹಾಳೆಯ ಅಂಚಿನಲ್ಲಿ ಕೆಂಪು ಹೆಬ್ಬೆರಳ ಗುರುತಿತ್ತು.

ವುಕಾಶಿನ್ ಆ ಗುರುತನ್ನು ಮುಟ್ಟಿ ನೋಡಿದ. "ಒಂದು ಕೈಲಿ ಸಟ್ಟುಗ..."

"ಇನ್ನೊಂದರಲ್ಲಿ ಪುಸ್ತಕ. ದೇವರು ಎರಡು ಕೈ ಯಾಕೆ ಕೊಟ್ಟಿದ್ದಾನೆ ಅಂತ ನೀನೇ ಹೇಳಿದ್ಯಲ್ಲ? ತಳ ಹಿಡಿದಿದ್ಯಾ ಅಂತ ತಿಂದು ನೋಡು."

"ಕೊನೆಗೆ ಏನಾಗುತ್ತೆ?" ಎಂದು ದರಿಂಕಾ ಟೀಚರ್ ನಾಚಿಕೆ ಬಿಟ್ಟು ಕೇಳಿದರು.

"ಒಬ್ರೆನ್ ಮನೆಗೆ ಬಂದು ಬಾಗಿಲು ತಟ್ತಾನೆ. ಹೆಂಡ್ತಿ ತೆಗೆಯಲ್ಲ. ಒಳಗಿಂದಾನೇ 'ಉಪ್ಪು ತಂದ್ಯಾ?' ಅಂತಾಳೆ. ಅಷ್ಟೇ. ಹೆಣ ಒಂದೂ ಬೀಳ್ಲಿಲ್ಲ, ಆದ್ರೂ ಪರವಾಗಿಲ್ಲ, ಚೆನ್ನಾಗಿದೆ" ಎಂದು ಹೇಳಿ ಅವಳು ಬುಟ್ಟಿ ಎತ್ತಿಕೊಂಡು ಹೊರಟಳು.

ವುಕಾಶಿನ್ ಮಾತ್ರ ಸೋಲೊಪ್ಪುವ ಆಸಾಮಿಯೇ? "ಸುಳ್ಳರನ್ನ ಮೊದಲು ಹಿಡಿದದ್ದು ನಾನೇ!" ಎಂದು ಸಂಜೆಯವರೆಗೂ ಎಲ್ಲರೊಡನೆ ಜಗಳವಾಡಿ, ಕೊನೆಯ ಅಧ್ಯಾಯವನ್ನು ಹಾಸಿಗೆಯಲ್ಲಿ ಹಾಯಾಗಿ ಓದೋಣವೆಂದು ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು, ಎದೆಯುಬ್ಬಿಸಿ ಮನೆಗೆ ಬಂದ. ಬಾಗಿಲಿಗೆ ಅಗಳಿ ಬಿದ್ದಿತ್ತು. ತಟ್ಟಿದ.

"ಉಪ್ಪು ತಂದ್ಯಾ?" ಎಂದಿತು ಒಳಗಿನ ದನಿ.

ವುಕಾಶಿನ್ ಸದ್ದಿಲ್ಲದೆ ಅಂಗಡಿಯ ಕಡೆ ತಿರುಗಿದ. ಕಿಟಕಿ ತೆರೆದುಕೊಂಡಿತು.

"ಪುಸ್ತಕ ಇಲ್ಲಿಟ್ಟು ಹೋಗು. ಇಲ್ಲಾಂದ್ರೆ ನೀನೂ ನಲವತ್ತು ವರ್ಷ ಬರಲ್ಲ!"