ಮೈಲಾರಿಯ ಕಣ್ಣು ಪರೀಕ್ಷೆ

ಸ್ವಂತ ಮನೆಯ ಗೇಟಿನಲ್ಲಿ ಸ್ವಂತ ನಾಯಿಯಿಂದ ಬೊಗಳಿಸಿಕೊಳ್ಳುವ ಯಜಮಾನ ಇಡೀ ರಾಯದುರ್ಗದಲ್ಲಿ ನಾನೊಬ್ಬನೇ ಇರಬೇಕು. ಬೆಳಿಗ್ಗೆ ನಾನು ಅಂಗಡಿಗೆ ಹೊರಟರೆ (ಜೀನ್ಸ್ ಪ್ಯಾಂಟಿಗೆ ಜಿಪ್ಪು, ಗುಂಡಿ ಮಾರುವ ಅಂಗಡಿ) ನಮ್ಮ ಮೈಲಾರಿ ಕಾಲು ನೆಕ್ಕಿ, ಬಾಲ ಅಲ್ಲಾಡಿಸಿ, ಬೀದಿಯ ತಿರುವಿನವರೆಗೂ ಬಂದು ಬೀಳ್ಕೊಡುತ್ತದೆ. ಆದರೆ ಈಚೆಗೆ ಕೆಲವು ತಿಂಗಳಿಂದ, ಸಂಜೆ ಮಬ್ಬುಗತ್ತಲಲ್ಲಿ ಅದೇ ನಾನು ಅದೇ ತಿರುವಿಗೆ ಬಂದರೆ, ಕನ್ನ ಹಾಕಲು ಬಂದವನನ್ನು ಕಂಡ ಹಾಗೆ ಊರು ಒಂದು ಮಾಡುತ್ತದೆ. ಎಂಟು ವರ್ಷ ಅನ್ನ ಹಾಕಿದ ಕೈ ಇದು! (ಹಾಕುವುದು ಹೆಂಡತಿ, ಅಕ್ಕಿ ನನ್ನದು.) ಎದುರು ಮನೆಯ ರೇವಣಸಿದ್ದಯ್ಯ ಜಗಲಿಯಲ್ಲಿ ಕೂತು, "ಸಾವ್ಕಾರ್ರು ಬಂದ್ರು, ದೀಪ ಹಚ್ರಿ," ಎಂದು ಒಳಗೆ ಕೂಗಿ ಹೇಳುತ್ತಾನೆ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

"ನನ್ನ ಗುರ್ತೇ ಹಿಡೀದಿದ್ರ ಈ ನಾಯಿ ಯಾತಕ್ಕ ಬೇಕು? ಊರಾಚೆ ಗೋಪಾಲಪ್ಪನ ತೋಟಕ್ಕ ಕಾವಲಿಗೆ ಕಳಿಸಿಬಿಡ್ತೀನಿ," ಎಂದು ಒಂದು ದಿನ ಗುಡುಗಿದೆ.

ಬಟ್ಟೆ ಮಡಚುತ್ತಿದ್ದ ಹೆಂಡತಿ ನಾಗವೇಣಿ ಗಾಬರಿಯಾದಳು. "ಮೂಕಪ್ರಾಣಿ ಮ್ಯಾಲೆ ಯಾಕ ಸಿಟ್ಟು ಮಾಡ್ತೀರಿ? ಪಾಪ, ಕತ್ತಲಾಗ ಅದಕ್ಕ ಕಣ್ಣು ಕಾಣವಲ್ದೇನೋ!"

"ಹೌದಪ್ಪ, ಇರುಳುಗುರುಡು," ಎಂದಳು ನನ್ನ ತಾಯಿ ಕೊಟ್ರಮ್ಮ. ಅತ್ತೆ ಸೊಸೆ ಇಬ್ಬರೂ ಒಂದೇ ಮಾತಾಡಿದ್ದು ಈ ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಆದರೆ ನನಗೆ ಜೀವ ಬಂದಂತಾಯಿತು. ನಾಯಿ ನನ್ನನ್ನು ಕಂಡು ಬೊಗಳುತ್ತಿಲ್ಲ, ಕಾಣದೆ ಬೊಗಳುತ್ತಿದೆ! ಬಳ್ಳಾರಿಯ ಒಂದು ಪ್ರಾಣಿ ಆಸ್ಪತ್ರೆಗೆ ತಿಂಗಳಿಗೊಮ್ಮೆ ನಾಯಿಕಣ್ಣಿನ ಡಾಕ್ಟರು ಯಂತ್ರ ಸಮೇತ ಬರುತ್ತಾರೆಂದು ವಿಚಾರಿಸಿಕೊಂಡೆ. "ಅಷ್ಟು ದೂರ ಯಾಕ್ರಿ, ಗಜ್ಜರಿ ತಿನ್ಸಿದ್ರಾತು," ಎಂದು ನಾಗವೇಣಿ ಅಡ್ಡ ಬಂದಳು. "ಕಣ್ಣು ಕೆಟ್ಟಿದ್ರ ಸಾಯೋತನಕ ಸಾಕ್ತೀನಿ, ನೆಟ್ಟಗಿದ್ರ ತೋಟಕ್ಕ," ಎಂದು ತೀರ್ಪು ಕೊಟ್ಟು ಕಾರು ಹತ್ತಿದೆ. ಓಬಳಾಪುರ ದಾಟುವಷ್ಟರಲ್ಲಿ ಅದಿರಿನ ಧೂಳು ಕೂತು ಬಿಳಿ ಮೈಲಾರಿ ಕೆಂಪಾಗಿತ್ತು. ನಾನೂ ಅಷ್ಟೆ.

"ಕಣ್ಣಿನ ಹಿಂದ ಒಂದು ಪರದೆ ಇರತೈತ್ರಿ," ಎಂದು ಡಾಕ್ಟರ್ ಶಶಿಧರ್ ವಿವರಿಸಿದರು. "ಬೆಳಕು ಬಿದ್ರ ಅದರಾಗ ಸಣ್ಣ ಕರೆಂಟು ಹುಟ್ಟತೈತಿ. ಇರುಳುಗುರುಡಿದ್ರ ಮಂದ ಬೆಳಕಿಗೆ ಕರೆಂಟು ಬರಂಗಿಲ್ಲ. ಅದನ್ನ ಅಳೀತೀವಿ."

ಕಣ್ಣಿಗೆ ಹನಿ ಬಿಟ್ಟು, ಮಂಪರಿನ ಇಂಜೆಕ್ಷನ್ ಕೊಟ್ಟು, ನಮ್ಮಿಬ್ಬರನ್ನೂ ಕತ್ತಲೆ ಕೋಣೆಯಲ್ಲಿ ಇಪ್ಪತ್ತು ನಿಮಿಷ ಕೂರಿಸಿದರು. ಆಮೇಲೆ ವೈರು ಕಟ್ಟಿದ ಪುಟ್ಟ ಲೆನ್ಸನ್ನು ಅದರ ಕಣ್ಣಿಗೆ ಇಟ್ಟರು. ಕರೆಂಟು ಬಾರದಿರಲಿ ಎಂದು ಸಾಕ್ಷಾತ್ ಮೈಲಾರಲಿಂಗನಿಗೇ ಹರಕೆ ಹೊತ್ತೆ. ಅಷ್ಟರಲ್ಲಿ ಅದು ಮಂಪರಿನಲ್ಲೇ ನನ್ನ ಅಂಗೈಗೆ ಮೂಗು ಒತ್ತಿತು. ಥೂ ನನ್ನ! ನನ್ನ ಮರ್ಯಾದೆ ಉಳಿಯಲೆಂದು ಈ ಬಡಜೀವದ ಕಣ್ಣು ಹೋಗಲಿ ಅಂತೀನಲ್ಲ ಎಂದು ನಾಚಿಕೆಯಾಗಿ ಹರಕೆಯನ್ನು ಹಿಂದಕ್ಕೆ ತೆಗೆದುಕೊಂಡೆ.

ಹಾಗೆ ತೆಗೆದುಕೊಂಡದ್ದೇ ತಪ್ಪಾಯಿತು. ಬೆಳಕು ಮಿಣುಕಿದಂತೆಲ್ಲ ಕಂಪ್ಯೂಟರಿನಲ್ಲಿ ಗೆರೆ ಎದ್ದೆದ್ದು ಕುಣಿಯಿತು. "ಫಸ್ಟ್ ಕ್ಲಾಸ್ ಕಣ್ಣು! ಎಂಥಾ ಮಬ್ಬಿನಾಗೂ ನಿಮ್ಮನ್ನ ಬೀದಿ ತುದಿಗೇ ಗುರ್ತು ಹಿಡೀತಾನ್ರಿ," ಎಂದು ಡಾಕ್ಟರು ಕೈಕುಲುಕಿದರು. ಅಳುವುದೊಂದು ಬಾಕಿ.

"ಅದಕ್ಕ ನಾನು ಕಾಣ್ತೀನಿ. ಕಂಡೇ ಬೊಗಳ್ತೈತಿ. ನಾಳೆನೇ ತೋಟಕ್ಕ!" ಮನೆಯಲ್ಲಿ ಹೀಗೆ ಹೇಳುತ್ತಲೇ ಮೈಲಾರಿಯ ಮೈಮೇಲಿನ ಧೂಳು ಒರೆಸಿದೆ. ನಾಗವೇಣಿ ಅತ್ತೆಯ ಮುಖ ನೋಡಿದಳು. ಅಮ್ಮ ನೆಲ ನೋಡಿದಳು. ಆಮೇಲೆ ನಾಯಿಯ ಕುತ್ತಿಗೆ ತಬ್ಬಿಕೊಂಡು, "ಕಳಿಸಬ್ಯಾಡೋ ಕೊಟ್ರಬಸಪ್ಪ. ಅದಕ್ಕ ಬೊಗಳಾಕ ಕಲಿಸಿದಾಕಿ ನಾನು," ಎಂದಳು.

ನನಗೆ ಸಕ್ಕರೆ ಕಾಯಿಲೆ ಬಂದಂದಿನಿಂದ ಮನೆಯಲ್ಲಿ ಮಿರ್ಚಿ ಬಜ್ಜಿ, ಮಂಡಕ್ಕಿ, ಮೈಸೂರು ಪಾಕು ಎಲ್ಲ ಬಂದ್ ಎಂದು ನಂಬಿದ್ದೆ. ಬಂದ್ ಆಗಿದ್ದದ್ದು ನನಗೆ ಮಾತ್ರ! ಸಂಜೆಯಾದರೆ ಅತ್ತೆ ಸೊಸೆ ತಟ್ಟೆ ಮುಂದೆ, ಮೈಲಾರಿ ಗೇಟಿನ ಮುಂದೆ. ನಾನು ತಿರುವಿನಲ್ಲಿ ಕಂಡರೆ ಅದು ಬೊಗಳಬೇಕು, ತಟ್ಟೆ ಮಂಚದ ಕೆಳಗೆ ಹೋಗಬೇಕು, ಮೈಲಾರಿಗೆ ಒಂದು ಬಿಸ್ಕತ್ತು.

"ನೀವು ನೋಡಿದ್ರ ಆಸೆಪಡ್ತೀರಂತ ರೀ. ನಿಮ್ಮ ಆರೋಗ್ಯಕ್ಕಂತಾನೇ," ಎಂದಳು ನಾಗವೇಣಿ.

"ಏಳು ತಿಂಗಳಾತು, ಒಂದಿನ ಡ್ಯೂಟಿ ತಪ್ಪಿಸಿಲ್ಲ," ಎಂದು ಅಮ್ಮ ಸರ್ಟಿಫಿಕೇಟು ಕೊಟ್ಟಳು.

ನನಗೆ ಸಿಟ್ಟಿಗಿಂತ ಸಂತೋಷವೇ ಹೆಚ್ಚಾಯಿತು. ನಾಯಿಗೆ ನನ್ನ ಮೇಲೆ ದ್ವೇಷವಿರಲಿಲ್ಲ, ಅದು ಬರೀ ನೌಕರಿ ಮಾಡುತ್ತಿತ್ತು! ನೌಕರ ಎಂದ ಮೇಲೆ ಒಲಿಸಿಕೊಳ್ಳುವುದು ನನಗೆ ಗೊತ್ತಿಲ್ಲವೇ? ಮರುದಿನ ಸಂಜೆ ಕ್ರೀಮ್ ಬಿಸ್ಕತ್ತಿನ ಪೊಟ್ಟಣ ಹಿಡಿದು, ತಿರುವು ಬಿಟ್ಟು ಹಿಂದಿನ ಓಣಿಯಿಂದ ಬಂದು, ಮೈಲಾರಿಯ ಬಾಯಿಗೆ ಒಂದಲ್ಲ, ನಾಲ್ಕು ತುರುಕಿದೆ. ನನ್ನ ಕಣ್ಣಲ್ಲಿ ಕಣ್ಣಿಟ್ಟು ತಿಂದಿತು. ಅಂಗೈ ನೆಕ್ಕಿತು. ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಒಳಗಿನ ಬಿಸಿ ಮಿರ್ಚಿಯ ವಾಸನೆ ಹಿಡಿದು ತುದಿಗಾಲಲ್ಲಿ ಮೆಟ್ಟಿಲು ಹತ್ತಿದೆ.

ಬಾಯಿ ಒರೆಸಿಕೊಂಡ ಮೈಲಾರಿ ಬಾಗಿಲ ಕಡೆ ತಿರುಗಿ, ಎಂದಿಗಿಂತ ನಾಲ್ಕು ಪಟ್ಟು ಜೋರಾಗಿ ಬೊಗಳಿತು.

ನಾನು ಒಳಗೆ ಹೋಗುವಷ್ಟರಲ್ಲಿ ಅಮ್ಮ ಕಣ್ಣು ಮುಚ್ಚಿ ಶಿವಧ್ಯಾನದಲ್ಲಿದ್ದಳು. (ಕೆನ್ನೆ ಮಾತ್ರ ಉಬ್ಬಿತ್ತು.) ನಾಗವೇಣಿ ನನ್ನ ಕೈಗೆ ಒಂದು ಲೋಟ ಹಾಗಲಕಾಯಿ ರಸ ಕೊಟ್ಟಳು. ಮೈಲಾರಿ ನನ್ನ ಕಾಲ ಸಂದಿಯಲ್ಲೇ ನುಗ್ಗಿ ಹೋಗಿ, ಅಮ್ಮನ ಕೈಯಿಂದ ತನ್ನ ಬಿಸ್ಕತ್ತನ್ನೂ ವಸೂಲು ಮಾಡಿಕೊಂಡಿತು.