ಭುಜ ಕೊಟ್ಟು ತೆಗೆಯುವ ಬಾಗಿಲು

ಎಲ್ಲಕ್ಕೂ ಮೂಲ ಒಂದು ಕ್ಯಾಲೆಂಡರು. ಮೂರು ವರ್ಷದ ಹಿಂದೆ ಶ್ರೀಹರಿ ಅದರ ಹಿಂಬದಿಯಲ್ಲಿ ಲೆಕ್ಕ ಹಾಕಿ, ತಿಂಗಳಿಗೆ ಹದಿನಾಲ್ಕು ಸಾವಿರ ಬಾಡಿಗೆ ಕಟ್ಟುವುದು ಮೂರ್ಖರ ಕೆಲಸವೆಂದು ಕಂಡುಹಿಡಿದ. ರಾಮಮೂರ್ತಿ ನಗರದಲ್ಲಿ ಎಂಟು ಲಕ್ಷಕ್ಕೆ ಒಂದು ಮನೆ ಭೋಗ್ಯಕ್ಕಿತ್ತು. ಬಾಡಿಗೆ ಇಲ್ಲ, ಬಿಡುವಾಗ ಎಂಟು ಲಕ್ಷವೂ ವಾಪಸ್ಸು. ಐದು ಲಕ್ಷ ಅವನ ಪಿ.ಎಫ್. ಹಣ. ಉಳಿದ ಮೂರಕ್ಕೆ ಹೆಂಡತಿ ಅಲಮೇಲುವಿನ ಒಡವೆ ಅಡವಿಟ್ಟ. ಒಡವೆ ಸಾಲಕ್ಕೆ ಬಡ್ಡಿ ಎಂಬುದೊಂದು ಇರುತ್ತದೆಂದು ಬರೆಯಲು ಕ್ಯಾಲೆಂಡರಿನಲ್ಲಿ ಜಾಗ ಸಾಲಲಿಲ್ಲ.

ಹೋದ ವರ್ಷ ಕೆ.ಆರ್. ಪುರದ ಗೋದಾಮಿನ ಕೆಲಸ ಹೋಯಿತು, ಬಡ್ಡಿ ಕಟ್ಟುವುದೂ ನಿಂತಿತು. ಈಗ ನೋಟೀಸು ಬಂದಿತ್ತು. ಸೋಮವಾರದೊಳಗೆ ದುಡ್ಡು ಕಟ್ಟದಿದ್ದರೆ ಒಡವೆ ಹರಾಜು. ಇವತ್ತು ಭಾನುವಾರ. ಅಲಮೇಲುವಿನ ಕೊರಳಲ್ಲಿ ಅರಿಶಿನದ ದಾರವೊಂದೇ ಇತ್ತು. ಅದನ್ನು ನೋಡಲಾಗದೆ ಶ್ರೀಹರಿ ಊಟಕ್ಕೆ ಕೂತರೂ ತಟ್ಟೆಯನ್ನೇ ನೋಡುತ್ತಿದ್ದ.

ಕೆಳಗಡೆ ಮನೆಯಲ್ಲಿದ್ದ ಓನರ್ ಮುನಿಆಂಜನಪ್ಪನದು ಒಂದೇ ಮಾತು. "ನಿಮ್ ದುಡ್ಡು ಎಲ್ಗೂ ಹೋಗಲ್ಲ ಸ್ವಾಮಿ. ಹೊಸಬ್ರನ್ನ ಹಿಡ್ಕೊಂಡ್ಬನ್ನಿ. ಅವ್ರು ಎಂಟು ಲಕ್ಷ ಕೊಟ್ಟ ನಿಮಿಷಾನೇ ಹಳೇ ಲೆಕ್ಕ ಚುಕ್ತಾ." ಮನೆ ಬಿಡುತ್ತೇನೆಂಬ ಕಾಗದಕ್ಕೆ ಬೆಳಿಗ್ಗೆಯೇ ಸಹಿಯನ್ನೂ ಹಾಕಿಸಿಕೊಂಡ.

ಹೀಗೆ, ಮೂರು ವರ್ಷ ಬಾಯಿ ತುಂಬ ಬೈದ ಮನೆಯನ್ನು ಶ್ರೀಹರಿ ಒಂದೇ ದಿನದಲ್ಲಿ ಹೊಗಳಬೇಕಾಯಿತು. ತೊಂದರೆಯೆಂದರೆ, ಆ ಬೈಗುಳವನ್ನೆಲ್ಲ ಬೀದಿಗೆ ಬೀದಿಯೇ ಕೇಳಿತ್ತು. ಹತ್ತು ಗಂಟೆಗೆ ಬಂದ ದಂಪತಿ ಮೂಲೆ ಅಂಗಡಿಯ ಸೀನನನ್ನು ದಾರಿ ಕೇಳಿದರು. ಸೀನ ಅಂಗಡಿ ಬಿಟ್ಟು ಜೊತೆಗೇ ಬಂದ.

"ಸೋರೋ ಮನೇನಾ ಮೇಡಂ? ಬನ್ನಿ, ನಾನೇ ತೋರಿಸ್ತೀನಿ. ನೋಡಿ, ಇಲ್ಲೇ! ಮಳೆ ಬಂದ್ರೆ ಪಾಪ ಸಾರ್ ಬಕೆಟ್ ಪಕ್ಕದಲ್ಲೇ ಮಲಗೋದು."

ಮೇಡಂ ಕಾಫಿಯನ್ನೂ ಮುಟ್ಟದೆ ಎದ್ದರು. ಸಹಾಯ ಮಾಡಿದ ತೃಪ್ತಿಯಲ್ಲಿ ಆ ಕಾಫಿಯನ್ನು ಸೀನನೇ ಕುಡಿದ.

ಶ್ರೀಹರಿ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ತಾರಸಿಯಿಂದ ಗಯಾಜ್ ಇಳಿದು ಬಂದ. ಶಿವಾಜಿನಗರದಲ್ಲಿ ಟೈಲರು. ಹೆಂಡತಿ ಮಕ್ಕಳನ್ನು ಮಾವನ ಮನೆಯಲ್ಲಿ ಬಿಟ್ಟು, ತಾರಸಿ ಮೇಲಿನ ಶೀಟಿನ ರೂಮಿನಲ್ಲಿ ಒಬ್ಬನೇ ಬೇಯುತ್ತಿದ್ದ. ಬಾಡಿಗೆ ಉಳಿಸಲು ಹೀಗೂ ಇರುವ ಜಿಪುಣನೆಂದು ಶ್ರೀಹರಿ ಅವನನ್ನು ಎಷ್ಟೋ ಸಲ ಆಡಿಕೊಂಡಿದ್ದ.

"ಅರೆ ಸಾಬ್, ಹಿಂಗೆ ತೋರಿಸಿದ್ರೆ ಯಾರ್ ಬರ್ತಾರೆ? ನೀವ್ ಸುಮ್ನಿರಿ, ನಾನ್ ನೋಡ್ಕೋತೀನಿ."

ಐದು ಶರ್ಟು ಹೊಲಿದುಕೊಡುತ್ತೇನೆ, ಅಳತೆಗೆ ಬರುವವರೆಗೂ ಕದಲಬೇಡ ಎಂದು ಗಯಾಜ್ ಸೀನನನ್ನು ಅಂಗಡಿಯಲ್ಲೇ ನಿಲ್ಲಿಸಿದ. ಗೋಡೆಯ ತೇವದ ಕಲೆಯ ಮೇಲೆ ಅದೇ ಹಳೇ ಕ್ಯಾಲೆಂಡರನ್ನು ತೂಗುಹಾಕಿದ. ಮೂರು ಗಂಟೆಗೆ ಹೊಸದಾಗಿ ಮದುವೆಯಾದ ಸಿದ್ಧಾರ್ಥ್ ಎಂಬ ಹುಡುಗ ಹೆಂಡತಿಯೊಂದಿಗೆ ಬಂದಾಗ ಕಿಟಕಿಗಳನ್ನು ತೆರೆದು ಗಾಳಿ ಬೀಸುವುದನ್ನು ತೋರಿಸಿದ. ಬಚ್ಚಲಿನ ಬಾಗಿಲು ಮಾತ್ರ ಹಟಮಾರಿ. ಕೊಂಚ ಎತ್ತಿ, ಭುಜ ಕೊಟ್ಟು ತಳ್ಳಿದರಷ್ಟೇ ತೆರೆಯುವುದು. ಅದನ್ನು ಕಲಿಯಲು ಶ್ರೀಹರಿಗೆ ಮೂರು ತಿಂಗಳು ಹಿಡಿದಿತ್ತು. ಗಯಾಜ್ ಮಾತಾಡುತ್ತಲೇ ಒಂದೇ ಸಲಕ್ಕೆ ತೆರೆದ.

"ಎಷ್ಟು ಒಳ್ಳೇ ಮನುಷ್ಯ ನೋಡೇ," ಎಂದು ಶ್ರೀಹರಿ ಹೆಂಡತಿಯ ಕಿವಿಯಲ್ಲಿ ಹೇಳಿದ. ಅವನ ಕಣ್ಣು ನಿಜವಾಗಿಯೂ ತುಂಬಿ ಬಂದಿತ್ತು.

ಸಿದ್ಧಾರ್ಥ್ ಒಪ್ಪಿದ. ಸಂಜೆ ಮುನಿಆಂಜನಪ್ಪನ ಮನೆಯಲ್ಲಿ ಕೂತು ಫೋನಿನಿಂದಲೇ ಎಂಟು ಲಕ್ಷ ಕಳಿಸಿ, ಪರದೆಗೆ ಅಳತೆ ತೆಗೆಯಲು ಹೆಂಡತಿಯನ್ನು ಕರೆದುಕೊಂಡು ಮೇಲೆ ಹೋದ. ಮುನಿಆಂಜನಪ್ಪ ಕನ್ನಡಕ ಏರಿಸಿ ತನ್ನ ಫೋನು ಒತ್ತತೊಡಗಿದ. ಶ್ರೀಹರಿ ತನ್ನ ಫೋನನ್ನು ಅಂಗೈಯಲ್ಲಿ ತೀರ್ಥದಂತೆ ಹಿಡಿದು ಕಾದ. ಅಲಮೇಲು ಪಕ್ಕದಲ್ಲೇ ನಿಂತಿದ್ದಳು.

ಟಿಣ್ ಎಂದಿತು. ಶ್ರೀಹರಿಯ ಫೋನಲ್ಲ. ಬಾಗಿಲ ಬಳಿ ಟ್ರಂಕು ಹಿಡಿದು ನಿಂತಿದ್ದ ಗಯಾಜನ ಜೇಬು.

"ಸೀನಿಯಾರಿಟಿ ಸ್ವಾಮಿ," ಎಂದ ಮುನಿಆಂಜನಪ್ಪ. "ಗಯಾಜ್ ಭಾಯಿ ನಿಮ್ಗಿಂತ ಮೊದ್ಲು ಅದೇ ಮನೇಲಿದ್ರು. ಅವ್ರ ಎಂಟು ಲಕ್ಷ ಬಾಕಿ ಇತ್ತು. ಮುಂದಿನ್ ಸರದಿ ನಿಮ್ದೇ."

"ನಾನು ಕೊಟ್ಟಿದ್ದು?"

"ನನ್ಗಿಂತ ಮುಂಚೆ ಇದ್ದೋರಿಗೆ ಹೋಯ್ತು ಸಾಬ್," ಎಂದ ಗಯಾಜ್ ನೆಲ ನೋಡುತ್ತ. "ಮೂರು ವರ್ಷ ಮೇಲೇ ಕೂತು ಕಾದೆ. ಮಾಫ್ ಮಾಡಿ."

"ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀವು ಇವತ್ತು ಮನೆ ತೋರಿಸ್ತಿದ್ರಾ?"

ಗಯಾಜ್ ಶೀಟಿನ ರೂಮಿನ ಬೀಗದಕೈಯನ್ನು ಶ್ರೀಹರಿಯ ಅಂಗೈಯಲ್ಲಿ ಫೋನಿನ ಪಕ್ಕಕ್ಕಿಟ್ಟು ಹೊರಟ. "ಬಾಡಿಗೆ ಏನೂ ಬೇಡ, ಇದ್ಕೊಳ್ಳಿ," ಎಂದ ಮುನಿಆಂಜನಪ್ಪ, ಉದಾರವಾಗಿ. ಅಲಮೇಲು ಅಳಲಿಲ್ಲ. ಕೊರಳಿನ ದಾರವನ್ನು ಸೆರಗಿನೊಳಕ್ಕೆ ಸೇರಿಸಿಕೊಂಡಳು. ಶ್ರೀಹರಿಗೆ ಅವಳು ಅತ್ತಿದ್ದರೇ ವಾಸಿಯಿತ್ತು ಅನ್ನಿಸಿತು.

ಅಷ್ಟರಲ್ಲಿ ಮೇಲಿನಿಂದ ದಬದಬ ಬಡಿಯುವ ಸದ್ದು. ಸಿದ್ಧಾರ್ಥ್ ಮೆಟ್ಟಿಲಲ್ಲಿ ಬಗ್ಗಿ ಕೂಗಿದ. "ಸಾರ್, ಬಾತ್‌ರೂಂ ಬಾಗ್ಲು ತೆಗೀತಿಲ್ಲ! ನನ್ ವೈಫ್ ಒಳಗೇ ಇದ್ದಾಳೆ!"

ಶ್ರೀಹರಿ ಮೇಲೆ ಹೋದ. ಈ ಹುಡುಗನಿಗೆ ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದ. ಕೈಯಲ್ಲಿದ್ದ ಬೀಗದಕೈ ಒತ್ತಿತು. ಬಾಯಿ ಮುಚ್ಚಿ ಬಾಗಿಲನ್ನು ಕೊಂಚ ಎತ್ತಿ, ಭುಜ ಕೊಟ್ಟ. ತೆರೆಯಿತು.

"ಥ್ಯಾಂಕ್ಸ್ ಸಾರ್. ನೀವು ಇಲ್ಲೇ ಹತ್ರ ಎಲ್ಲಾದ್ರೂ ಇರ್ತೀರಾ?"

"ತಾರಸಿ ಮೇಲೇ ಇರ್ತೀನಪ್ಪ," ಎಂದ ಶ್ರೀಹರಿ, ಜಾರಿದ್ದ ಕ್ಯಾಲೆಂಡರನ್ನು ಕಲೆಯ ಮೇಲೆ ಸರಿಮಾಡುತ್ತ. "ಮನೆ ಬಿಡ್ಬೇಕಾದ್ರೆ ಹೇಳಿ. ಹೊಸಬ್ರಿಗೆ ನಾನೇ ತೋರಿಸ್ತೀನಿ."